ಕರ್ನಲ್ ಕೂರುವ ಜಾಗದಲ್ಲಿ ಮೊದಲೇ ಯಾರಿದ್ದಾರೆ?

ನಮಸ್ಕಾರ,

ಕ್ಯೂಎಮುವಿನಲ್ಲಿ (ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶ) ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಲೋಡ್ ಆಗುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ, ಕನ್ನಡದಲ್ಲಿ ಇಂಥ ಬರಹ ತುಂಬ ಬೇಕು.

ಮೊದಲು ತಪ್ಪಿನ ವಿಷಯ. 64 ಬಿಟ್ ರಿಸ್ಕ್-ಫೈವ್ ಪ್ರೊಸೆಸರ್‌ನ ‘ವರ್ಟ್’ ಎಂಬ ಕಾಲ್ಪನಿಕ ಯಂತ್ರದಲ್ಲಿ ರ‍್ಯಾಮ್ ಶುರುವಾಗುವುದು ಹೆಕ್ಸ್ (ಹದಿನಾರರ ಲೆಕ್ಕ, ಮುಂದಿನ ವಿಳಾಸಗಳೂ ಹಾಗೇ) 80000000ರಲ್ಲಿ, ಆದ್ದರಿಂದ ಕರ್ನಲ್ ಕೂರುವುದೂ ಅಲ್ಲೇ ಎಂದಿದ್ದೀರಿ. ಮೊದಲ ಮಾತು ಸರಿ. ಎರಡನೆಯದು ನೀವೇ ಕೊಟ್ಟಿರುವ ಕಮಾಂಡ್‌ಗೆ ಹೊಂದುವುದಿಲ್ಲ. ಅದರಲ್ಲಿ ಕರ್ನಲ್‌ಗೂ ಮೊದಲು ಓಡುವ ತಂತ್ರಾಂಶ (ಫರ್ಮ್‌ವೇರ್) ಯಾವುದೆಂದು ಹೇಳುವ ಬಯೋಸ್ ಆಯ್ಕೆಯೇ ಇಲ್ಲ. ಆಗ ಕ್ಯೂಎಮು ತಾನಾಗಿ ಓಪನ್‌ಎಸ್‌ಬಿಐ ಎಂಬ ಫರ್ಮ್‌ವೇರನ್ನು ಆ ಜಾಗದಲ್ಲಿ ಇಡುತ್ತದೆ. ಕರ್ನಲ್‌ಗೆ ಜಾಗ ಸಿಗುವುದು 2 ಎಂಬಿ ಮೇಲೆ, 80200000ರಲ್ಲಿ. ಕರ್ನಲನ್ನು 80000000ರಲ್ಲಿ ಕೂರಿಸುವ ನಿಮ್ಮ ಲಿಂಕರ್ ಸ್ಕ್ರಿಪ್ಟ್‌ನಂತೆ ಮಾಡಿದ ಇಎಲ್‌ಎಫ್ ಫೈಲನ್ನು (ಓಡಿಸಲು ಸಿದ್ಧವಾದ ಪ್ರೋಗ್ರಾಂ) ಹಾಗೇ ಕೊಟ್ಟರೆ ಕರ್ನಲ್, ಫರ್ಮ್‌ವೇರ್ ಎರಡೂ ಒಂದರ ಮೇಲೊಂದು ಬರುತ್ತವೆ. ಕ್ಯೂಎಮು ಎರರ್ ಕೊಟ್ಟು ನಿಂತುಬಿಡುತ್ತದೆ. ಬಯೋಸ್‌ಗೆ ‘ನನ್’ (none) ಎಂದು ಕೊಟ್ಟರೆ ಮಾತ್ರ 80000000 ನಿಮ್ಮದು. ಆದರೆ ಆಗ ಕರ್ನಲ್ ಸೂಪರ್‌ವೈಸರ್ ಮೋಡ್‌ನಲ್ಲಲ್ಲ, ಅದಕ್ಕಿಂತ ಹೆಚ್ಚು ಅಧಿಕಾರವಿರುವ ಮಷಿನ್ ಮೋಡ್‌ನಲ್ಲಿ ಎಚ್ಚರವಾಗುತ್ತದೆ. ಇದನ್ನು ಹೇಳದಿದ್ದರೆ ಹೊಸಬರು ಇಡೀ ದಿನ ತಲೆ ಕೆಡಿಸಿಕೊಳ್ಳುತ್ತಾರೆ.

ಇನ್ನು ವಿಳಾಸಗಳ ಪಟ್ಟಿ. ಸುಮ್ನೆ ಅಂಕಿ ಕೊಟ್ಟರೆ ಯಾರಿಗೂ ನೆನಪಿರುವುದಿಲ್ಲ, ಅಲ್ವಾ? ರ‍್ಯಾಮ್ ಯಾಕೆ ಸೊನ್ನೆಯಿಂದ ಶುರುವಾಗುವುದಿಲ್ಲ ಎಂಬ ಪ್ರಶ್ನೆ ಓದುಗರಿಗೆ ಬಂದೇ ಬರುತ್ತದೆ. 80000000ಕ್ಕಿಂತ ಕೆಳಗಿನ ವಿಳಾಸಗಳು ಸಾಧನಗಳಿಗೆ ಮೀಸಲು ಎಂದು ಹೇಳಿ. 10000000ರಲ್ಲಿ ಯುಆರ್ಟ್ ಎಂಬ ಸೀರಿಯಲ್ ಪೋರ್ಟ್ ಇದೆ. ಅಲ್ಲಿಗೆ ಒಂದು ಬೈಟ್ ಬರೆದರೆ ಅದು ಮೆಮೊರಿಯಲ್ಲಿ ಉಳಿಯುವುದಿಲ್ಲ, ಟರ್ಮಿನಲ್‌ನಲ್ಲಿ ಅಕ್ಷರವಾಗಿ ಮೂಡುತ್ತದೆ. ಲೇಖನವನ್ನು ಇಲ್ಲಿಂದಲೇ ಶುರು ಮಾಡಿ. ನಿಮ್ಮ ಪೀಠಿಕೆಗಿಂತ ಇದು ಎಷ್ಟೋ ಮೇಲು.

ಬಿಎಸ್‌ಎಸ್ ಭಾಗವನ್ನು (ಆರಂಭದ ಬೆಲೆ ಕೊಡದ ಗ್ಲೋಬಲ್ ವೇರಿಯಬಲ್‌ಗಳ ಜಾಗ) ಸೊನ್ನೆ ಮಾಡುವ ಕೋಡ್ ‘ಬೇಕಿಲ್ಲ, ಇಲ್ಲದೆಯೂ ಓಡಿತು’ ಎಂದು ಬರೆದಿದ್ದೀರಿ. ಓಡಿದ್ದು ನಿಜ. ಕ್ಯೂಎಮು ಕೊಡುವ ರ‍್ಯಾಮ್ ಆರಂಭದಲ್ಲಿ ಸೊನ್ನೆಯಿಂದಲೇ ತುಂಬಿರುತ್ತದೆ, ಅದಕ್ಕೇ ಓಡಿತು. ನಿಜವಾದ ಬೋರ್ಡ್‌ನಲ್ಲಿ ಅಲ್ಲಿ ಏನು ಕಸ ಬೇಕಾದರೂ ಇರಬಹುದು. ಆ ಸಾಲು ತೆಗೆಯಿರಿ, ಕೋಡ್ ಸೇರಿಸಿ.

ಡಿವೈಸ್ ಟ್ರೀಯ (ಯಂತ್ರದಲ್ಲಿರುವ ಸಾಧನಗಳ ವಿವರಪಟ್ಟಿ) ವಿಳಾಸ ಎ1 ರಿಜಿಸ್ಟರ್‌ನಲ್ಲಿ ಬರುತ್ತದೆ ಎಂದು ವಿವರಿಸಿದ ಪ್ಯಾರಾ ಚೆನ್ನಾಗಿದೆ, ಮುಟ್ಟಬೇಡಿ. ಕಮಾಂಡ್ ಪೂರ್ತಿ ಕೊಡಿ, ಕ್ಯೂಎಮು ಆವೃತ್ತಿಯನ್ನೂ ಬರೆಯಿರಿ. ತಿದ್ದಿದ ಮೇಲೆ ನನಗೇ ಕಳಿಸಿ, ನಾನೇ ಓಡಿಸಿ ನೋಡುತ್ತೇನೆ.