ಕೈಯಲ್ಲಿ ಎಲೆ, ಕಿವಿ ಗಂಟೆಯ ಕಡೆ

ಓದುಗರ ಪ್ರಶ್ನೆಗಳಿಗೆ ನಿವೃತ್ತ ಅಗ್ನಿಶಾಮಕ ಸಿಬ್ಬಂದಿಯೊಬ್ಬರ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಯಜಮಾನರು ಅಗ್ನಿಶಾಮಕ ಠಾಣೆಗೆ ಸೇರಿ ಎಂಟು ತಿಂಗಳಾಯಿತು. ಮೊನ್ನೆ ಊಟದ ಕ್ಯಾರಿಯರ್ ಕೊಡಲು ಹೋಗಿದ್ದೆ. ನಾಲ್ಕು ಜನ ಮಂಚದ ಮೇಲೆ ಇಸ್ಪೀಟು ಆಡುತ್ತಾ ಕೂತಿದ್ದರು. ಅದರಲ್ಲಿ ಇವರೂ ಇದ್ದರು. ನೋಡಿ ಕೈಕಾಲು ತಣ್ಣಗಾಯಿತು. ನಮ್ಮಪ್ಪ ಯುಗಾದಿ ಜೂಜಿನಲ್ಲಿ ಶುರು ಮಾಡಿ, ಕೊನೆಗೆ ಹದಿನೈದು ಗುಂಟೆ ಗದ್ದೆ ಕಳೆದವರು. ಇವರನ್ನು ಕೇಳಿದರೆ ‘ಸುಮ್ನೆ ಟೈಮ್‌ಪಾಸ್’ ಅನ್ನುತ್ತಾರೆ. ಡ್ಯೂಟಿಯಲ್ಲಿ ಇರುವಾಗ ಇದು ಸರಿಯಾ? ಅವರ ಸಾಹೇಬರಿಗೆ ಹೇಳಲಾ?
- ಹೆಸರು ಬೇಡ, ಪಾಂಡವಪುರ ತಾಲ್ಲೂಕು

ಉತ್ತರ: ತಾಯಿ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಹದಿನೈದು ಗುಂಟೆ ಗದ್ದೆ ಅಂದರೆ ನಮ್ಮ ಕಡೆ ಎಷ್ಟು ದೊಡ್ಡ ಮಾತು ಅಂತ ನನಗೆ ಗೊತ್ತು. ನಮ್ಮೂರಲ್ಲೂ ಹೊಸತೊಡಕಿನ ದಿನ ಬಾಡೂಟ ಮುಗಿಸಿ ಅರಳಿಕಟ್ಟೆ ಹಿಂದೆ ಅಂದರ್ ಬಾಹರ್‌ಗೆ ಕೂತವರು ಮಾರನೇ ದಿನ ಬೆಳಗ್ಗೆ ಎದ್ದದ್ದನ್ನು ನೋಡಿದ್ದೇನೆ. ಎಲೆ ಕಂಡರೆ ನಿಮಗೆ ಎದೆ ಹೊಡೆದುಕೊಳ್ಳುವುದು ತಪ್ಪಲ್ಲ.

ಆದರೂ ಸಾಹೇಬರ ಹತ್ತಿರ ಈಗಲೇ ಹೋಗಬೇಡಿ. ಮೊದಲು ಯಜಮಾನರನ್ನು ಒಂದೇ ಮಾತು ಕೇಳಿ. ದುಡ್ಡಿಟ್ಟು ಆಡ್ತೀರಾ, ಇಲ್ವಾ? ನನ್ನ ಮಟ್ಟಿಗೆ ಎಲ್ಲ ಇರುವುದು ಆ ಉತ್ತರದಲ್ಲೇ. ಯಾಕೆ ಅಂತ ಹೇಳುತ್ತೇನೆ.

ಬೆಳಗ್ಗೆ ಠಾಣೆಯಲ್ಲಿ ಮೊದಲು ಪೆರೇಡ್. ಆಮೇಲೆ ಗಾಡಿ ನೋಡಬೇಕು. ಟ್ಯಾಂಕ್ ತುಂಬಿದೆಯಾ, ಡೀಸೆಲ್ ಇದೆಯಾ, ಪಂಪು ಓಡುತ್ತದಾ, ಹೋಸ್‌ಗಳು ಒಣಗಿವೆಯಾ, ಏಣಿಯ ಹಗ್ಗ ಸರಿಯಿದೆಯಾ. ಒಂದಿಷ್ಟು ಡ್ರಿಲ್ ಇರುತ್ತದೆ. ಅದಾದ ಮೇಲೆ ಕಾಯಬೇಕು. ಗೇಟು ದಾಟುವ ಹಾಗಿಲ್ಲ. ಕಣ್ಣು ಮುಚ್ಚಿದರೂ ಕಿವಿ ಮಲಗುವುದಿಲ್ಲ. ಆ ಹೊತ್ತಿನಲ್ಲಿ ಒಬ್ಬೊಬ್ಬರೇ ಮೂಲೆ ಹಿಡಿದು ಮೊಬೈಲ್ ನೋಡುವುದಕ್ಕಿಂತ ನಾಲ್ವರು ಎದುರುಬದುರು ಕೂತು ಆಡುವುದು ಒಳ್ಳೆಯದು ಅಂತಲೇ ನಾನು ಹೇಳುವುದು. ಅಧಿಕಾರಿ ಬೇಡ ಅಂದ ದಿನ ಬೇಡ, ಅದರಲ್ಲಿ ಎರಡು ಮಾತಿಲ್ಲ.

ನಾನು ಸೇರಿದ ಹೊಸದರಲ್ಲಿ ಒಂದು ಠಾಣೆಯಲ್ಲಿ ಕೆಲವರು ಚಿಲ್ಲರೆ ಇಟ್ಟು ರಮ್ಮಿ ಆಡುತ್ತಿದ್ದರು. ಒಂದು ಮಧ್ಯಾಹ್ನ ಗಂಟೆ ಹೊಡೆಯಿತು. ಮೂವರು ಎಲೆ ಬಿಸಾಕಿ ಓಡಿದರು. ಗೆಲ್ಲುತ್ತಿದ್ದವನು ಮಾತ್ರ ಚಿಲ್ಲರೆ ಬಾಚಿ ಜೇಬಿಗೆ ಹಾಕಿಕೊಂಡು ಬಂದ. ಅವನೇ ಡ್ರೈವರ್. ಹೆಚ್ಚೆಂದರೆ ಹತ್ತು ಸೆಕೆಂಡು ಆಗಿರಬೇಕು. ಗಾಡಿ ಹತ್ತಿ ಕೂತು ಆ ಹತ್ತು ಸೆಕೆಂಡು ಕಾದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಅವತ್ತು ಗುಡಿಸಲ ಹಿಂದಿನ ಸೌದೆಗೆ ಬೆಂಕಿ ಬಿದ್ದಿತ್ತು ಅಷ್ಟೆ, ಯಾರಿಗೂ ಏನೂ ಆಗಲಿಲ್ಲ. ಆದರೆ ವಾಪಸ್ ಬಂದ ಮೇಲೆ ನಮ್ಮ ಲೀಡಿಂಗ್ ಫೈರ್‌ಮನ್ ಆ ಎಲೆಗಳನ್ನೆಲ್ಲ ಸ್ನಾನದ ಒಲೆಗೆ ಹಾಕಿದರು. ಒಂದು ವಾರ ಬಿಟ್ಟು ತಾವೇ ಹೊಸ ಪ್ಯಾಕು ತಂದರು. ‘ಬಿಟ್ಟು ಏಳೋಕಾಗೋ ಆಟ ಆಡಿ’ ಅಂದರು.

ಅವತ್ತಿನಿಂದ ನಮ್ಮದು ಇಪ್ಪತ್ತೆಂಟು ಅನ್ನುವ ಆಟ. ಸುಳ್ಯದ ಕಡೆಯ ಹುಡುಗನೊಬ್ಬ ಕಲಿಸಿದ್ದು. ಏಳರಿಂದ ಮೇಲಿನ 32 ಎಲೆ ಸಾಕು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಇಸ್ಪೀಟು, ಆಟೀನು, ಡೈಮಂಡು, ಕ್ಲಾವರು ಅಂತ ನಾಲ್ಕು ಬಣ್ಣ, ಒಂದೊಂದಕ್ಕೂ 7ರಂತೆ ಒಟ್ಟು 28. ರಾಜ ರಾಣಿಗೆ ಬೆಲೆಯೇ ಇಲ್ಲ. ಎದುರಿಗೆ ಕೂತವನೇ ನಮ್ಮ ಜೋಡಿ. ಮೊದಲು ನಾಲ್ಕು ಎಲೆ ಹಂಚುತ್ತಾರೆ. ಅಷ್ಟನ್ನೇ ನೋಡಿ, ಎಷ್ಟು ಅಂಕ ಗೆಲ್ಲುತ್ತೇವೆ ಅಂತ 14ರಿಂದ ಮೇಲೆ ಕೂಗಬೇಕು. ಜಾಸ್ತಿ ಕೂಗಿದವನು ಒಂದು ಎಲೆಯನ್ನು ತುರುಫು (ಉಳಿದ ಬಣ್ಣಗಳನ್ನು ಹೊಡೆಯುವ ಬಣ್ಣ) ಅಂತ ಕವುಚಿ ಇಡುತ್ತಾನೆ. ಅದು ಯಾವ ಬಣ್ಣ ಅಂತ ಅವನ ಜೋಡಿಗೂ ಗೊತ್ತಿರುವುದಿಲ್ಲ. ಅವನು ಎಸೆಯುವ ಎಲೆ ನೋಡಿಯೇ ಮನಸ್ಸು ತಿಳಿದುಕೊಳ್ಳಬೇಕು. ಹೊಗೆಯೊಳಗೆ ಹೋಸ್ ಹಿಡಿದಾಗಲೂ ಹಾಗೇ. ಮುಂದಿರುವವನ ಮಾತು ಕೇಳಿಸುವುದಿಲ್ಲ, ಅವನ ಹೆಗಲು ಎತ್ತ ತಿರುಗಿತು ಅಂತ ನೋಡಿ ಹಿಂದಿರುವವನು ಹೆಜ್ಜೆ ಇಡಬೇಕು. ಸೋತ ಜೋಡಿ ಟೀ ಲೋಟ ತೊಳೆಯುವುದು, ನಮ್ಮ ಪಣ ಅಷ್ಟೇ.

ಒಂದು ಮಾರ್ಚ್ ತಿಂಗಳ ರಾತ್ರಿ ಹೇಳುತ್ತೇನೆ. ನನ್ನ ಜೋಡಿ 20 ಕೂಗಿ, ತುರುಫನ್ನು ಸ್ಟೀಲ್ ತಟ್ಟೆಯ ಕೆಳಗೆ ಇಟ್ಟಿದ್ದ. ನನ್ನ ಕೈಯಲ್ಲಿ ಎರಡು ಗುಲಾಮ. ಒಳ್ಳೆಯ ಕೈ. ಅಷ್ಟರಲ್ಲಿ ಗಂಟೆ ಹೊಡೆಯಿತು. ಎಲೆ ಎಲ್ಲಿ ಬಿತ್ತು ಅಂತ ಯಾರೂ ನೋಡಲಿಲ್ಲ. ಬೂಟಿಗೆ ಕಾಲು ಹಾಕಿದ್ದೊಂದು ನೆನಪು, ಆಮೇಲೆ ಗಾಡಿ ಮಳವಳ್ಳಿ ರಸ್ತೆಯಲ್ಲಿತ್ತು.

ಹುಲ್ಲಿನ ಮೆದೆಗೆ ಬೆಂಕಿ ಬಿದ್ದಿತ್ತು. ಪಕ್ಕದಲ್ಲೇ ಕೊಟ್ಟಿಗೆ. ಮೆದೆಯ ಬೆಂಕಿ ಬಹಳ ಕಷ್ಟ. ಮೇಲೆ ನೀರು ಬಿಟ್ಟರೆ ಹೊರಗಿನ ಹುಲ್ಲಿನ ಮೇಲೆ ಜಾರಿಹೋಗುತ್ತದೆ. ಒಳಗೆ ಕೆಂಡ ಹಾಗೇ ಇರುತ್ತದೆ. ಪದರ ಪದರ ಎಳೆದು, ಹರಡಿ, ನೆನೆಸಬೇಕು. ನಮ್ಮ ಗಾಡಿಯಲ್ಲಿ 4,500 ಲೀಟರ್ ನೀರಿತ್ತು, ಅದು ಕಾಲು ಗಂಟೆಗೂ ಬರಲಿಲ್ಲ. ಆಮೇಲೆ ಊರ ಮುಂದಿನ ಕಟ್ಟೆಗೆ ಪೈಪು ಇಳಿಸಿ ನೀರು ಎಳೆದೆವು. ಊರಿನ ಹುಡುಗರು ಮೊದಲೇ ಹಸುಗಳ ಹಗ್ಗ ಕೊಯ್ದು ಹೊರಗೆ ಓಡಿಸಿದ್ದರು. ಕೊಟ್ಟಿಗೆ ಉಳಿಯಿತು. ವರ್ಷದ ಮೇವು ಹೋಯಿತು. ಆ ಮನೆಯ ಅಜ್ಜಿ ಬೂದಿಯ ಮುಂದೆ ಕೂತು, ಅಳುತ್ತಲೇ ನಮಗೆಲ್ಲ ಮಜ್ಜಿಗೆ ಕೊಡಿಸಿದರು.

ಠಾಣೆಗೆ ಬಂದಾಗ ನಾಲ್ಕು ಗಂಟೆ. ಫ್ಯಾನ್ ಆರಿಸಿರಲಿಲ್ಲ, ಎಲೆಗಳು ಮಂಚದ ಕೆಳಗೆಲ್ಲ ಹಾರಿದ್ದವು. ತಟ್ಟೆಯ ಕೆಳಗಿನ ತುರುಫು ಮಾತ್ರ ಇಟ್ಟಲ್ಲೇ ಇತ್ತು. ನನ್ನ ಜೋಡಿ ಮಸಿಗೈಯಲ್ಲೇ ಅದನ್ನು ತಿರುಗಿಸಿ ತೋರಿಸಿದ. ಆಟೀನ್ ಒಂಬತ್ತು. ನನ್ನ ಕೈಯಲ್ಲಿದ್ದ ಗುಲಾಮರಲ್ಲಿ ಒಂದು ಆಟೀನ್. ಇಬ್ಬರೂ ನಕ್ಕು ಮಲಗಿದೆವು. ಆ ಎಲೆಯ ಮೇಲೆ ಅವನ ಹೆಬ್ಬೆರಳ ಮಸಿ ಕೊನೆವರೆಗೂ ಹೋಗಲಿಲ್ಲ. ಆಮೇಲೆ ಕವುಚಿಟ್ಟರೂ ಅದು ಯಾವ ಎಲೆ ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು. ಆದರೂ ಆ ಪ್ಯಾಕನ್ನು ಬಿಸಾಕಲು ಯಾರಿಗೂ ಮನಸ್ಸಾಗಲಿಲ್ಲ.

ಎಲ್ಲ ರಾತ್ರಿಯೂ ಹಾಗಿರುವುದಿಲ್ಲ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಯಾರೋ ಬಿದ್ದರು ಅಂತ ಕರೆ ಬಂದಾಗ ನಾವು ಪಾತಾಳಗರಡಿ (ನೀರಿನ ತಳದಿಂದ ಎತ್ತುವ ಕೊಕ್ಕೆ), ಹಗ್ಗ ಹಾಕಿಕೊಂಡು ಹೋಗುತ್ತಿದ್ದೆವು. ನಿಮ್ಮ ತಾಲ್ಲೂಕಿನ ಕನಗನಮರಡಿ ಹತ್ತಿರ 2018ರ ನವೆಂಬರ್ 24ರಂದು ಬಸ್ಸು ನಾಲೆಗೆ ಬಿದ್ದು 30 ಜನ ಹೋದದ್ದು ನಿಮಗೂ ನೆನಪಿರುತ್ತದೆ. ಆಗ ನಾನು ನಿವೃತ್ತನಾಗಿದ್ದೆ. ಟಿವಿಯಲ್ಲಿ ನೋಡುತ್ತಾ ಕೂರಲಾಗದೆ ಎದ್ದು ಹೊರಗೆ ಹೋದೆ. ನನ್ನ ಕಾಲದಲ್ಲಿ ಅಷ್ಟು ದೊಡ್ಡದು ಇರಲಿಲ್ಲ, ಆದರೆ ನೀರಿನಿಂದ ಒಂದು ಮಗುವನ್ನು ಎತ್ತಿದರೂ ಅಷ್ಟೇ. ಹೊಸದಾಗಿ ಸೇರಿದ ಹುಡುಗನೊಬ್ಬ ಹಾಗೆ ಎತ್ತಿಕೊಂಡು ಬಂದ ರಾತ್ರಿ ಊಟ ಮುಟ್ಟಲಿಲ್ಲ, ಮಾತಾಡಲಿಲ್ಲ. ಏನು ಹೇಳಬೇಕು ಅಂತ ನಮಗೂ ತಿಳಿಯಲಿಲ್ಲ. ನಮ್ಮ ಹಿರಿಯರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲೆ ಹಂಚಿದರು. ಬೆಳಗಾಗುವವರೆಗೂ ಆಡಿದೆವು. ಯಾರು ಗೆದ್ದರು ಅಂತ ಯಾರೂ ಲೆಕ್ಕ ಇಡಲಿಲ್ಲ. ನಸುಕಿನಲ್ಲಿ ಅವನೇ ‘ಕಾಫಿ ಮಾಡ್ತೀನಿ’ ಅಂತ ಎದ್ದ. ನಿಮ್ಮ ಯಜಮಾನರು ‘ಟೈಮ್‌ಪಾಸ್’ ಅಂದಿದ್ದಾರೆ. ಎಂಟು ತಿಂಗಳಿಗೆ ಅಷ್ಟೇ ಗೊತ್ತಿರಬಹುದು. ಮನೆಗೆ ತಂದು ಹೇಳಲಾರದ್ದನ್ನೂ ಅವರು ಅಲ್ಲಿ ಕಾಣುತ್ತಿರಬಹುದು. ಅದನ್ನು ಕೆದಕಬೇಡಿ, ಅವರಾಗಿ ಹೇಳಿದ ದಿನ ಕೇಳಿಸಿಕೊಳ್ಳಿ.

ದುಡ್ಡು ಇದ್ದರೆ ಮಾತ್ರ ನಾನು ನಿಮ್ಮ ಪಕ್ಷ. ಠಾಣೆಯಲ್ಲಿ ಒಂದು ರೂಪಾಯಿ ಇಟ್ಟು ಆಡಿದರೂ ಮೊದಲು ಅವರಿಗೇ ಹೇಳಿ, ನಿಲ್ಲಿಸದಿದ್ದರೆ ಸಾಹೇಬರಿಗೆ ಹೇಳಿ, ಹಿಂಜರಿಯಬೇಡಿ. ಮೊಬೈಲ್‌ನಲ್ಲಿ ರಮ್ಮಿ ಇದೆಯಾ ಅಂತಲೂ ಕೇಳಿ. ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿದೆ. ಆದರೂ ಒಂದು ಕಣ್ಣಿರಲಿ. ಯುಗಾದಿಗೆ ಊರಿಗೆ ಹೋದಾಗ ಎಲೆ ಹಾಕುವ ಜಾಗಕ್ಕೆ ಅವರನ್ನು ಬಿಡಬೇಡಿ. ನಿಮ್ಮಪ್ಪನ ಕಥೆಯನ್ನು ಅವರಿಗೆ ಪೂರ್ತಿ ಹೇಳಿದ್ದೀರಾ? ಕಾಗದ ಓದಿದರೆ ಹೇಳಿಲ್ಲ ಅಂತ ನನಗೆ ಅನ್ನಿಸಿತು. ಗದ್ದೆ ಹೋದ ದಿನ ಮನೆಯಲ್ಲಿ ಏನಾಯಿತು ಅಂತ ಒಮ್ಮೆ ಕೂತು ಹೇಳಿ.

ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ಇರುತ್ತದೆ. 1944ರಲ್ಲಿ ಬೊಂಬಾಯಿ ಬಂದರಿನ ಹಡಗು ಸಿಡಿದಾಗ ಸತ್ತ ನಮ್ಮವರ ನೆನಪಿನ ದಿನ ಅದು. ಆಗ ಜನರ ಮುಂದೆ ಡ್ರಿಲ್ ಮಾಡಿ ತೋರಿಸುತ್ತಾರೆ. ಹೋಗಿ ನಿಮ್ಮ ಯಜಮಾನರು ಏಣಿ ಹತ್ತುವುದನ್ನು ನೋಡಿ.

ಪ್ರಶ್ನೆ: ಬೆಂಕಿ ಬಿದ್ದಾಗ ಫೋನ್ ಮಾಡಿದರೆ ಏನೇನು ಹೇಳಬೇಕು? ಗಾಬರಿಯಲ್ಲಿ ಬಾಯೇ ಬರುವುದಿಲ್ಲ.
- ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: 101 ಅಥವಾ 112ಕ್ಕೆ ಮಾಡಿ. ಮೊದಲು ಜಾಗ ಹೇಳಿ, ಆಮೇಲೆ ಉಳಿದದ್ದು. ಮಧ್ಯದಲ್ಲಿ ಲೈನ್ ಕಟ್ಟಾದರೂ ಗಾಡಿ ಹೊರಡುತ್ತದೆ. ಮನೆ ನಂಬರಿಗಿಂತ ದೇವಸ್ಥಾನ, ಶಾಲೆ, ಹಾಲಿನ ಡೈರಿ ಹೀಗೆ ಪಕ್ಕದ ಗುರುತು ಹೇಳಿ. ಒಳಗೆ ಯಾರಾದರೂ ಇದ್ದಾರಾ, ಗ್ಯಾಸ್ ಸಿಲಿಂಡರ್ ಇದೆಯಾ ಹೇಳಿ. ಹಳ್ಳಿಯಾದರೆ ಹತ್ತಿರದ ಕೆರೆ, ಬೋರ್‌ವೆಲ್ ಎಲ್ಲಿದೆ ಅನ್ನುವುದೂ ಮುಖ್ಯ. ನಾಲೆಯಾದರೆ ಯಾವ ಸೇತುವೆಯ ಹತ್ತಿರ ಅಂತ ಹೇಳಿ. ಅವರಾಗಿ ಸಾಕು ಅನ್ನುವವರೆಗೆ ಫೋನ್ ಇಡಬೇಡಿ. ಆಮೇಲೆ ಒಬ್ಬ ಹುಡುಗನ ಕೈಗೆ ಟಾರ್ಚು ಕೊಟ್ಟು ಮುಖ್ಯರಸ್ತೆಯ ತಿರುವಿಗೆ ಕಳಿಸಿ. ರಾತ್ರಿ ಹೊತ್ತು ಅವನು ಬೀಸುವ ಬೆಳಕು ನೋಡಿಯೇ ನಾವು ಎಷ್ಟೋ ಸಲ ಸರಿಯಾದ ಓಣಿಗೆ ತಿರುಗಿದ್ದೇವೆ.