ಕೋಚಿಂಗಿಗೆ ಬರುವವರು ಗುರಿ ಹೇಳುತ್ತಾರೆ, ಕೆಲಸ ಶುರು ಮಾಡುವುದಿಲ್ಲ. ಏನು ಮಾಡಲಿ?

ಗುರಿ ಕೇಳಿ ಸುಮ್ನೆ ಕಳಿಸಬೇಡಿ. ಎದ್ದು ಹೋಗುವ ಮೊದಲು "ಯಾವಾಗ, ಎಲ್ಲಿ, ಮೊದಲು ಏನು?" ಅಂತ ಕೇಳಿ.

ನನ್ನ ಹತ್ತಿರ ಬದಿಯಡ್ಕದಿಂದ ಒಬ್ಬರು ಬರುತ್ತಿದ್ದರು. ಕೇರಳ ಪಿಎಸ್‌ಸಿ (ಸರಕಾರಿ ಕೆಲಸದ) ಪರೀಕ್ಷೆಗೆ ಓದಬೇಕು ಅಂತ ಮೂರು ವಾರ ಹೇಳಿದ್ದೇ ಹೇಳಿದ್ದು, ಪುಸ್ತಕ ಮಾತ್ರ ತೆರೆದಿರಲಿಲ್ಲ. ಕೊನೆಗೆ ಅವರ ಕೈಯಲ್ಲೇ ಒಂದು ಸಾಲು ಬರೆಸಿದೆ: "ಬೆಳಗ್ಗೆ ಕಾಸರಗೋಡು ಬಸ್ಸಲ್ಲಿ ಸೀಟು ಸಿಕ್ಕ ಕೂಡಲೇ 10 ಮಲಯಾಳಂ ಪದ ಓದುತ್ತೇನೆ." ಸೀಟು ಸಿಗದಿದ್ದರೆ? (ಆ ಹೊತ್ತಿನ ಬಸ್ಸಲ್ಲಿ ಅದೇ ಜಾಸ್ತಿ ಅಲ್ವಾ!) ನಿಂತೇ ಆ ಪದಗಳನ್ನು ಫೋನಿನಲ್ಲಿ ಕೇಳಿಸಿಕೊಳ್ಳುವುದು. ಅದನ್ನೂ ಬರೆಸಿದೆ.

ಈ "ಹೀಗಾದರೆ ಹೀಗೆ" ಉಪಾಯ ನನ್ನದಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1999ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಆದರೆ ಹೆಜ್ಜೆ ಏನು ಅಂತ ಕೋಚಿಂಗಿಗೆ ಬಂದವರ ಬಾಯಿಂದಲೇ ಬರಲಿ, ನೀವು ಹೇಳಿಕೊಡಬೇಡಿ. ಮುಂದಿನ ಸಲ ಬಂದಾಗ "ಯಾಕೆ ಮಾಡಲಿಲ್ಲ" ಬೇಡ, "ಎಲ್ಲಿ ತಪ್ಪಿತು" ಅಂತ ಕೇಳಿ.