ಗ್ರಾಮೀಣ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಿಗೆ ತರಬೇತಿ, ಸಾಮಗ್ರಿ ಎಲ್ಲಿ ಸಿಗುತ್ತವೆ?

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಕಡೆಯ ಪ್ರೌಢಶಾಲೆಗೆ ಸಿ.ಬಿ.ಝಡ್. (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕಿಯಾಗಿ ಹೊಸದಾಗಿ ಸೇರಿರುವುದಾಗಿಯೂ, ಪ್ರಯೋಗಾಲಯವೆಂದರೆ ಒಂದು ಬೀರು ಮಾತ್ರವೆಂದೂ, ಭೌತವಿಜ್ಞಾನದ ಪಾಠಗಳಿಗೆ ಧೈರ್ಯ ಸಾಲದೆಂದೂ ಬರೆದು, ಎಲ್ಲಿಂದ ಕಲಿಯಬೇಕೆಂದು ಕೇಳಿದ್ದೀರಿ. ನಾನು ಇದೇ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದ್ದೇನೆ. ಸಸ್ಯಶಾಸ್ತ್ರ ಓದಿ ಬಂದು ವಿದ್ಯುತ್ ಪಾಠ ಮಾಡಬೇಕಾದ ಆತಂಕ ನನಗೂ ಚೆನ್ನಾಗಿ ಗೊತ್ತು.

ಸೇರಿದ ಮೊದಲ ವರ್ಷ ಮಕ್ಕಳು ನೀರು ಕುದಿಸಿ ತಾಪ ಅಳೆದಾಗ ಪಾದರಸ 96ರ ಆಚೆಗೆ ಏರಲೇ ಇಲ್ಲ. ಥರ್ಮಾಮೀಟರ್ ಸರಿಯಿಲ್ಲವೆಂದು ಹೇಳಿ, 100 ಎಂದೇ ಬರೆಸಿದೆ. ಮುಂದೆ ಒಂದು ತರಬೇತಿಯಲ್ಲಿ ಸಹೋದ್ಯೋಗಿಯೊಬ್ಬರು, ನಮ್ಮ ಊರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ, ಸುಮಾರು 300 ಮೀಟರ್ ಏರಿದಂತೆ ಕುದಿಬಿಂದು ಒಂದು ಡಿಗ್ರಿಯಷ್ಟು ಇಳಿಯುತ್ತದೆ ಎಂದು ತೋರಿಸಿಕೊಟ್ಟರು. ಮಕ್ಕಳ ಅಳತೆ ಸರಿಯಾಗಿತ್ತು. ಅದನ್ನು ತಿದ್ದಿಸಿದ ನೋವು ನನಗೆ ಇಂದಿಗೂ ಇದೆ. ಆದ್ದರಿಂದ ಯಾವ ತರಬೇತಿಯನ್ನೇ ಆಯ್ದುಕೊಳ್ಳುವಾಗಲೂ, ಅಲ್ಲಿ ನಾವೇ ಕೈಯಾರೆ ಪ್ರಯೋಗ ಮಾಡುತ್ತೇವೆಯೇ ಎಂಬುದನ್ನು ಮೊದಲು ವಿಚಾರಿಸಿ ಎಂದು ಹೇಳುತ್ತೇನೆ.

ಆ ದೃಷ್ಟಿಯಿಂದ ನಾನು ಮೊದಲು ಸೂಚಿಸುವುದು ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ಪ್ರತಿಭಾ ವಿಕಸನ ಕೇಂದ್ರವನ್ನು. ಅಲ್ಲಿಯೇ ಉಳಿದುಕೊಂಡು ದಿನವಿಡೀ ಪ್ರಯೋಗಾಲಯದಲ್ಲಿ ಕೆಲಸ ಮಾಡುವಂತಹ ಶಿಬಿರಗಳು ಶಿಕ್ಷಕರಿಗಾಗಿಯೇ ಅಲ್ಲಿ ನಡೆಯುತ್ತವೆ. ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ಕಾರ್ಯಕ್ರಮಗಳನ್ನು ನಡೆಸುತ್ತದೆ. ಇವುಗಳ ಸುತ್ತೋಲೆ ಹೊರಟ ಕೂಡಲೇ ತಿಳಿಯಬೇಕಾದರೆ ನಮ್ಮ ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ) ಉಪನ್ಯಾಸಕರು ಮತ್ತು ಉಪನಿರ್ದೇಶಕರ ಕಚೇರಿಯ ವಿಜ್ಞಾನ ವಿಷಯ ಪರಿವೀಕ್ಷಕರ ಸಂಪರ್ಕ ಇರಬೇಕು. ಅನ್ಯಕಾರ್ಯನಿಮಿತ್ತ, ಅಂದರೆ ಶಾಲೆಯ ಹೊರಗೆ ಕರ್ತವ್ಯದ ಮೇಲೆ ಹೋಗುವ, ಮಂಜೂರಾತಿಗಾಗಿ ಮುಖ್ಯ ಶಿಕ್ಷಕರೊಡನೆ ಮುಂಚಿತವಾಗಿಯೇ ಮಾತನಾಡಿಕೊಳ್ಳಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಕಲಿಕೆಯನ್ನು ಹೇಳಿದೆ. ಅಂತರ್ಜಾಲದ ದೀಕ್ಷಾ ಕಲಿಕಾ ತಾಣದಲ್ಲಿರುವ ನಿಷ್ಠಾ ಎಂಬ ಶಿಕ್ಷಕರ ತರಬೇತಿ ಕೋರ್ಸ್‌ಗಳಿಂದ ಗಂಟೆಗಳ ಲೆಕ್ಕ ತುಂಬಬಹುದು, ಆದರೆ ಓಮ್‌ನ ನಿಯಮದ ವಿದ್ಯುತ್ ಮಂಡಲವನ್ನು ಜೋಡಿಸುವ ಧೈರ್ಯ ತಂತಿ ಹಿಡಿದಾಗಲೇ ಬರುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಪಕ್ಕದ ಶಾಲೆಯ ಪಿ.ಸಿ.ಎಂ. (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಕುಳಿತು ಅವರು ನನ್ನಿಂದ ಅಮ್ಮೀಟರ್, ವೋಲ್ಟ್‌ಮೀಟರ್ ಜೋಡಣೆ ಮಾಡಿಸುತ್ತಿದ್ದರು, ನಾನು ಅವರಿಗೆ ಈರುಳ್ಳಿ ಸಿಪ್ಪೆಯ ಸ್ಲೈಡ್ ಮಾಡುವುದನ್ನು ತೋರಿಸುತ್ತಿದ್ದೆ. ನಿಮ್ಮ ಹೋಬಳಿಯಲ್ಲಿಯೂ ಅಂಥವರೊಬ್ಬರು ಖಂಡಿತ ಸಿಗುತ್ತಾರೆ.

ಸಾಮಗ್ರಿಯ ವಿಷಯಕ್ಕೆ ಬಂದರೆ, ನೀವು ಕಾಫಿ ಸೀಮೆಯಲ್ಲಿದ್ದೀರಿ ಎಂಬುದನ್ನು ಮರೆಯಬೇಡಿ. ಮಲೆನಾಡಿನ ಜೋರು ಮಳೆಗೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊಚ್ಚಿಹೋಗಿ ಮಣ್ಣು ಆಮ್ಲೀಯವಾಗುವುದರಿಂದಲೇ ತೋಟಗಳಿಗೆ ಸುಣ್ಣ ಹಾಕುತ್ತಾರೆ. ಹತ್ತನೇ ತರಗತಿಯ ಆಮ್ಲ–ಪ್ರತ್ಯಾಮ್ಲ ಪಾಠಕ್ಕೆ ಮಕ್ಕಳು ತಮ್ಮ ಮನೆಯ ತೋಟದ ಮಣ್ಣು ತಂದು, ನೀರಿನಲ್ಲಿ ಕಲಕಿ ತಿಳಿಯಾದ ಮೇಲೆ ಆಮ್ಲೀಯತೆಯನ್ನು ಬಣ್ಣದಿಂದ ತೋರಿಸುವ ಪಿ.ಎಚ್. ಕಾಗದ ಅದ್ದಿ ನೋಡಿದರೆ, ಆ ಪಾಠ ಅವರ ಮನೆಯವರೆಗೂ ಹೋಗುತ್ತದೆ. 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ ಬಾಳೆಹೊನ್ನೂರಿನ ಬಳಿಯೇ ಇದೆ. ಮುಖ್ಯ ಶಿಕ್ಷಕರ ಮೂಲಕ ಪತ್ರ ಬರೆದು, ಮಕ್ಕಳನ್ನು ಕರೆದುಕೊಂಡು ಹೋಗಲು ಅನುಮತಿ ಕೇಳಿ ನೋಡಿ.

ಓದಲು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆಯನ್ನು ಶಾಲೆಗೆ ತರಿಸಿ. ಅಂತರ್ಜಾಲದಲ್ಲಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವೂ, ಪ್ರಯೋಗಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಮಾಡಿ ನೋಡಬಹುದಾದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ (PhET) ಅನುಕರಣೆಗಳೂ ಉಚಿತವಾಗಿವೆ. ಫೆಟ್‌ನ ಹಲವು ಅನುಕರಣೆಗಳು ಕನ್ನಡದಲ್ಲಿಯೇ ಇವೆ. ಮಂಡಲವನ್ನು ಒಮ್ಮೆ ಕೈಯಲ್ಲಿ ಕಟ್ಟಿದ ಮೇಲೆ ಇವನ್ನು ತೋರಿಸಿ, ಅದಕ್ಕೆ ಮೊದಲು ಬೇಡ.

ಈ ತಿಂಗಳಿಗೆ ಎರಡು ಡ್ರೈ ಸೆಲ್, ಒಂದು ಟಾರ್ಚ್ ಬಲ್ಬು, ಎರಡು ಮೀಟರ್ ತಾಮ್ರದ ತಂತಿ, ಒಂದು ಕಟ್ಟು ಪಿ.ಎಚ್. ಕಾಗದ ಇಷ್ಟನ್ನು ಆ ಬೀರುವಿಗೆ ಸೇರಿಸಿಕೊಳ್ಳಿ.